ಚಳಿಯಲ್ಲಿ ಬೆಳೆಯದ ಯೀಸ್ಟ್

ಮೊನ್ನೆ ಕಾಪುವಿನ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಡುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದರು. ಆ ವಾಸನೆಗೆ ಮಣಿಪಾಲದ ಲ್ಯಾಬ್ ನೆನಪಾಯಿತು... ಅಕ್ಕ ನೆನಪಾದರು.

ಅವರು ಲ್ಯಾಬಿನಲ್ಲಿ ನನ್ನ ಸೀನಿಯರ್, ಹೂಡೆಯ ಮೀನುಗಾರರ ಮನೆಯವರು; ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ತೊಂಬತ್ತರ ದಶಕದ ಕೊನೆಗೆ ನಾನು ಸೇರುವಾಗ ಅವರ ಪಿಎಚ್.ಡಿ. ಮುಗಿಯುತ್ತ ಬಂದಿತ್ತು. ಜೀವಕೋಶದಲ್ಲಿ ಪ್ರೋಟೀನು ತಯಾರಾಗುವುದು ರೈಬೋಸೋಮ್‌ಗಳಲ್ಲಿ. ಆ ರೈಬೋಸೋಮನ್ನು ಕಟ್ಟುವಾಗ ಆರ್‌ಎನ್‌ಎ ಎಳೆ ತಪ್ಪಾಗಿ ಮಡಿಚಿಕೊಂಡರೆ ಬಿಡಿಸಿಕೊಡುವುದು ಹೆಲಿಕೇಸ್ ಎಂಬ ಪ್ರೋಟೀನು. ಅಂಥದೊಂದು ಹೆಲಿಕೇಸಿನ ಕೆಲಸವೇನೆಂದು ತಿಳಿಯಲು ಅಕ್ಕ ಅದನ್ನು ಯೀಸ್ಟ್‌ನಲ್ಲಿ ಕೆಡಿಸಿದ್ದರು. ಆ ಯೀಸ್ಟ್ ಚಳಿಯಲ್ಲಿ ಬೆಳೆಯುತ್ತಿರಲಿಲ್ಲ, ರೈಬೋಸೋಮ್‌ಗಳೂ ಅರ್ಧಕ್ಕೇ ನಿಲ್ಲುತ್ತಿದ್ದವು. ಅವರ ಪ್ರಬಂಧವೆಲ್ಲ ನಿಂತದ್ದು ಅದರ ಮೇಲೆ.

ಒಂದು ಪರೀಕ್ಷೆ ಉಳಿದಿತ್ತು. ಅದೇ ಯೀಸ್ಟ್‌ಗೆ ಸರಿಯಾದ ಹೆಲಿಕೇಸನ್ನು ಮರಳಿ ಕೊಟ್ಟರೆ ಅದು ಚಳಿಯಲ್ಲೂ ಬೆಳೆಯಬೇಕು. ಬೆಳೆಯಲಿಲ್ಲ. ಮತ್ತೆ ಮತ್ತೆ ಮಾಡಿದರು... ಇಲ್ಲ. ಅಂದರೆ ಕೇಡು ಹೆಲಿಕೇಸಿನಿಂದ ಬಂದದ್ದಲ್ಲ, ಆ ಯೀಸ್ಟ್‌ನಲ್ಲಿ ಬೇರೆಲ್ಲೋ ಏನೋ ಕೆಟ್ಟಿತ್ತು. ಇಷ್ಟು ವರ್ಷ ಅವರು ಅಳೆದದ್ದೇ ಬೇರೆ.

ಆ ಪರೀಕ್ಷೆಯೊಂದನ್ನು ಬಿಟ್ಟು ಬರೆದರೂ ಪ್ರಬಂಧಕ್ಕೆ ತೊಂದರೆಯಿಲ್ಲ ಎಂದರು ನಮ್ಮ ಗೈಡ್. ಮರುಕದಿಂದಲೇ ಹೇಳಿದ್ದು.

"ಹೆಲಿಕೇಸ್ ಎಂತ ಮಾಡ್ತದೆ ಅಂತ ನನಗೆ ಗೊತ್ತಾಗ್ಲಿಲ್ಲ ಸರ್. ಗೊತ್ತಾಯ್ತು ಅಂತ ಹೇಗೆ ಬರೆಯುವುದು?" ಎಂದರು ಅಕ್ಕ.

ಮೊದಲಿನಿಂದ ಶುರು ಮಾಡಿದರು. ಫೆಲೋಶಿಪ್ ನಿಂತಿತು, ಸಂಜೆ ಉಡುಪಿಯಲ್ಲಿ ಟ್ಯೂಷನ್ ಹೇಳಿ ಹೂಡೆಯ ಬಸ್ಸು ಹಿಡಿಯುತ್ತಿದ್ದರು. ಕರೆಂಟು ಹೋಗಿ ತಂಪು ಪೆಟ್ಟಿಗೆ ಬಿಸಿಯಾದಾಗಲೆಲ್ಲ ಯೀಸ್ಟ್ ಬೆಳೆಸುವ ತಟ್ಟೆಗಳನ್ನು ಎಸೆದು ಹೊಸತು ಹಾಕುತ್ತಿದ್ದರು. ಅಷ್ಟರಲ್ಲಿ ವಿದೇಶದ ಲ್ಯಾಬೊಂದು ಅದೇ ಹೆಲಿಕೇಸಿನ ಕೆಲಸವನ್ನು ಪೂರ್ತಿ ಕಂಡುಹಿಡಿದು ಪ್ರಕಟಿಸಿತು. ಅಕ್ಕ ಆ ಲೇಖನವನ್ನು ನಿಂತೇ ಓದಿ ಮುಗಿಸಿದರು.

"ಚಂದ ಮಾಡಿದ್ದಾರೆ, ಅಲ್ವಾ?" ಎಂದು ನನ್ನ ಕೈಗೆ ಕೊಟ್ಟರು.

ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ... ಆಮೇಲೆ ಅಕ್ಕ ಕಾರ್ಕಳದ ಕಾಲೇಜೊಂದರಲ್ಲಿ ಪಾಠ ಹೇಳಲು ಹೋದರು. ಪ್ರಬಂಧ ಕೊಡಲೇ ಇಲ್ಲ. ಒಮ್ಮೆ ಬೆಳ್ಮಣ್‌ನಲ್ಲಿ ಬಸ್ಸಿಗೆ ಕಾಯುತ್ತ ಸಿಕ್ಕಾಗ ನನ್ನ ಮಕ್ಕಳ ಬಗ್ಗೆ ಕೇಳಿದರು, ಲ್ಯಾಬಿನ ಬಗ್ಗೆ ಕೇಳಲಿಲ್ಲ.

ಈ ಭಾನುವಾರ ಹೂಡೆಗೆ ಹೋದೆ. ಅಂಗಳದಲ್ಲಿ ಅವರ ತಮ್ಮ ಸಿಕ್ಕಿದರು. ಜಾಂಡೀಸ್ ಆಗಿ ಅಕ್ಕ ತೀರಿಕೊಂಡು ವರ್ಷದ ಮೇಲಾಯಿತಂತೆ. ತುಳು ಬಾರದ ನನಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿ, ಹೊರಡುವಾಗ ಕೇಳಿದರು:

"ಅಕ್ಕ ಮಣಿಪಾಲದಲ್ಲಿ ಅಷ್ಟು ವರ್ಷ ಎಂತ ಮಾಡಿದ್ದು? ನಮಗೆ ಯಾರಿಗೂ ಹೇಳ್ಲಿಲ್ಲ."

ಯೀಸ್ಟ್ ಬೆಳೆಸುತ್ತಿದ್ದರು ಎಂದೆ.

"ಬ್ರೆಡ್ಡಿಗೆ ಹಾಕುವುದಾ?"

ಹೌದು, ಅದೇ ಎಂದೆ.