ಅಮ್ಮಿ ಮರೆತ ಬಿಸ್ಮಿಲ್ಲಾ

ಊಟಕ್ಕೆ ನೆಲದ ಮೇಲೆ ಹಾಸುವ ಹಳೆಯ ದಸ್ತರಖಾನನ್ನು ಬಿಸಿಲಿನಿಂದ ತೆಗೆದು ಮಡಿಸುವಾಗ, ಸಾಬೂನು, ಅರಿಸಿನ, ಜೋಳದ ಹಿಟ್ಟು ಸೇರಿದ ಒಂದು ವಾಸನೆ ಏಳುತ್ತದೆ. ಎಷ್ಟು ಒಗೆದರೂ ಹೋಗದು. ವಡೋದರದ ನನ್ನ ಮನೆಯಲ್ಲಿ ಈಗ ಎಲ್ಲರೂ ಮೇಜಿನ ಮೇಲೆ ಉಣ್ಣುತ್ತಾರೆ. ಆದರೂ ಶುಕ್ರವಾರಕ್ಕೊಮ್ಮೆ ಈ ಬಟ್ಟೆಯನ್ನು ಒಗೆದು ಹರವುತ್ತೇನೆ. ಆ ವಾಸನೆ ನನ್ನನ್ನು ನೇರ ನಾನು ಬೆಳೆದ ಮಣಿನಗರದ ರೈಲ್ವೆ ಕ್ವಾರ್ಟರ್ಸಿಗೆ ಒಯ್ಯುತ್ತದೆ.

ಅಬ್ಬಾ ಧಾರವಾಡದಿಂದ ಅಲ್ಲಿಗೆ ವರ್ಗವಾಗಿ ಬಂದಿದ್ದರು. ಎರಡು ಕೋಣೆ, ಐದು ಜನ. ನಿಲ್ದಾಣದ ಗಡಿಯಾರ ತಪ್ಪಬಹುದಿತ್ತು, ಅಬ್ಬಾನ ತಾಯಿ ದಾದಿಮಾ ತಪ್ಪುತ್ತಿರಲಿಲ್ಲ. ಚಪ್ಪಲಿಯನ್ನು ಕೊಡವಿ, ಬಲಗಾಲಿಗೆ ಮೊದಲು ಹಾಕಬೇಕು. ಬಿಚ್ಚುವಾಗ ಎಡಗಾಲು ಮೊದಲು. ನೀರನ್ನು ಕೂತು, ಮೂರು ಉಸಿರಿನಲ್ಲಿ ಕುಡಿಯಬೇಕು. ಕನ್ನಡಿ ಮುಂದೆ ನನ್ನ ಜಡೆ ಹೆಣೆಯುತ್ತ, ರೂಪವನ್ನು ಚಂದ ಮಾಡಿದಂತೆ ಗುಣವನ್ನೂ ಚಂದ ಮಾಡೆಂದು ನನ್ನಿಂದ ಅಲ್ಲಾಹನಲ್ಲಿ ಬೇಡಿಸುತ್ತಿದ್ದಳು. ಡ್ಯೂಟಿಗೆ ತಡವಾದ ಅಬ್ಬಾ ಚಹಾವನ್ನು ಊದಿದರೆ, "ಊದಬ್ಯಾಡಪಾ. ಒಂದ್ ರೈಲ್ ಹೋದ್ರ ಇನ್ನೊಂದ್ ಬರ್ತೈತಿ," ಎನ್ನುವಳು. ಅಬ್ಬಾ ತೆಪ್ಪಗೆ ಬಸಿಗೆ ಸುರಿದುಕೊಳ್ಳುತ್ತಿದ್ದರು.

ಎಲ್ಲಕ್ಕಿಂತ ದೊಡ್ಡದು ಮೊದಲ ತುತ್ತಿನ ಬಿಸ್ಮಿಲ್ಲಾ. ಮರೆತು ಬಾಯಿಗಿಟ್ಟವರ ಕಡೆಗೆ ದಾದಿಮಾ ಬರೀ ನೋಡುತ್ತಿದ್ದಳು. ಆಗ, ಮರೆತವರಿಗಾಗಿಯೇ ಇರುವ ಮಾತನ್ನು ಹೇಳಬೇಕು: "ಬಿಸ್ಮಿಲ್ಲಾಹಿ ಅವ್ವಲಹು ವ ಆಖಿರಹು." ಮೊದಲಿಗೂ ಕೊನೆಗೂ ಅಲ್ಲಾಹನ ಹೆಸರು. ಸೊಸೆಯಾಗಿ ಬಂದ ಹೊಸತರಲ್ಲಿ ಅಮ್ಮಿ ಆ ನೋಟಕ್ಕೆ ಸಿಕ್ಕಿ ಎಷ್ಟೋ ಸಲ ಕಣ್ಣೀರು ಹಾಕಿದ್ದಳಂತೆ.

ನನಗೆ ಹನ್ನೊಂದಾಗುವ ಹೊತ್ತಿಗೆ ದಾದಿಮಾಗೆ ಮರೆವು ಹತ್ತಿತು. ಮೊದಲು ಹೆಸರುಗಳು ಜಾರಿದವು. ಬಿಸ್ಮಿಲ್ಲಾದಂಥ ದುವಾಗಳು ಮಾತ್ರ ಗಟ್ಟಿಯಾಗಿದ್ದವು. ಅವು ಇರುವವರೆಗೆ ಅವಳು ಮನೆಯ ಹಿರಿಯಳಾಗಿಯೇ ಇದ್ದಳು. ಒಂದು ಮಧ್ಯಾಹ್ನ ಅವಳು ಸುಮ್ಮನೆ ರೊಟ್ಟಿ ಮುರಿದು ಬಾಯಿಗಿಟ್ಟಳು. ತಮ್ಮ ಸಲೀಮ ಕಿಸಕ್ಕೆಂದ. "ದಾದಿಮಾ ಮರ್ತಳು!"

ಅಗಿಯುತ್ತಿದ್ದ ಬಾಯಿ ನಿಂತಿತು. ಏನು ಮರೆತೆನೆಂದು ಹುಡುಕುತ್ತ ಅವಳ ಕಣ್ಣುಗಳು ದಸ್ತರಖಾನಿನ ಮೇಲೆಲ್ಲ ಅಲೆದವು. ಅಷ್ಟರಲ್ಲಿ ಅಮ್ಮಿ ಹಣೆ ಬಡಿದುಕೊಂಡಳು. "ಅಯ್ಯ, ನಾನ ಮರ್ತೆ ನೋಡ್ರಿ ಅತ್ತಿ! ಬಿಸ್ಮಿಲ್ಲಾಹಿ ಅವ್ವಲಹು ವ ಆಖಿರಹು." ದಾದಿಮಾಳ ತುಟಿ ತಾನಾಗಿಯೇ ಅವಳ ಜೊತೆ ಆಡಿತು. ಮಾತು ಮುಗಿಯುವ ಹೊತ್ತಿಗೆ ಮುಖ ತಿಳಿಯಾಗಿತ್ತು. ಸೊಸೆಯ ತಟ್ಟೆಯ ಮುರಿಯದ ರೊಟ್ಟಿಯನ್ನು ನೋಡಿ ಹೇಳಿದಳು: "ನೀ ಇನ್ನೂ ಬಾಯಿಗೇ ಹಾಕಿಲ್ಲಲ್ಲ, ಹುಚ್ಚಿ."

ಅಂದಿನಿಂದ ಒಂದೂವರೆ ವರ್ಷ, ಯಾವಾಗ ಬೇಕೋ ಆಗೆಲ್ಲ ಅಮ್ಮಿ ಮರೆತಳು. ಸಲೀಮನೂ ನಗುವುದನ್ನು ಬಿಟ್ಟು, ತಾನೂ ಮರೆಯುವುದನ್ನು ಕಲಿತ.

ದಾದಿಮಾಳನ್ನು ಮಣ್ಣು ಮಾಡಿ ಬಂದ ಮರುದಿನ ಅಮ್ಮಿ ಇದೇ ಬಟ್ಟೆ ಹಾಸಿದಳು. ರೊಟ್ಟಿ ಮುರಿಯುವ ಮೊದಲೇ, ಮೆಲ್ಲಗೆ, ಬಿಸ್ಮಿಲ್ಲಾ ಎಂದಳು. ಆಮೇಲೆ ತಾನು ಇರುವವರೆಗೆ ಒಮ್ಮೆಯೂ ಮರೆಯಲಿಲ್ಲ.