ಕಲ್ಲಪ್ಪನ ಮೀನೆಣ್ಣೆ ಗುಳಿಗೆ

ಹರಿಹರದ ದರ್ಜಿ ಕಲ್ಲಪ್ಪ ಮೂವತ್ತು ವರ್ಷ ಶಾಲೆ ಮಕ್ಕಳ ಸಮವಸ್ತ್ರ ಹೊಲಿದವನು. ಐವತ್ನಾಲ್ಕನೇ ವಯಸ್ಸಿನಲ್ಲಿ, ಶಾಲೆ ಶುರುವಾಗುವ ಗಡಿಬಿಡಿಯ ಒಂದು ಮಧ್ಯಾಹ್ನ, ಎದೆ ಹಿಡಿದುಕೊಂಡು ಮಿಷನ್ನಿನ ಮೇಲೆಯೇ ಕುಸಿದ. ದಾವಣಗೆರೆಯ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಸಕ್ಕರೆ ಕಾಯಿಲೆ ಇರುವುದೂ ಆಗಲೇ ತಿಳಿಯಿತು. ರಕ್ತದಲ್ಲಿ ಕೊಬ್ಬೂ ಮಿತಿಮೀರಿತ್ತು.

ಅವನ ಒಬ್ಬಳೇ ಮಗಳು ತನುಶ್ರೀ ದಾವಣಗೆರೆಯ ಎಸ್.ಎಸ್. ಬಡಾವಣೆಯ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಹೃದಯದ ಕಾಯಿಲೆಯವರು ದಿನವೂ ಮೀನೆಣ್ಣೆ ಗುಳಿಗೆ ಒಯ್ಯುವುದನ್ನು ನೋಡಿ ಅಪ್ಪನಿಗೂ ಒಂದು ಡಬ್ಬಿ ತಂದಳು.

"ಡಾಕ್ಟ್ರು ಬರೆದದ್ರ ಜೊತೆಗೆ ಇದನ್ನೂ ತಗಳಪ್ಪಾ," ಎಂದಳು.

ಮೂರು ತಿಂಗಳ ನಂತರದ ರಕ್ತಪರೀಕ್ಷೆಯಲ್ಲಿ ಕೊಬ್ಬು ಚೆನ್ನಾಗಿ ಇಳಿದಿತ್ತು. ಎಲ್ಲ ಮೀನೆಣ್ಣೆಯದೇ ಗುಣವೆಂದು ಕಲ್ಲಪ್ಪ ಆ ಹಾಳೆಯನ್ನು ಬಂದ ಗಿರಾಕಿಗಳಿಗೆಲ್ಲ ತೋರಿಸಿದ. ಅದರ ಕೆಳಗೇ ಇದ್ದ ಸಕ್ಕರೆಯ ಅಂಕಿಯ ಕಡೆ ಕಣ್ಣು ಹಾಯಿಸಲಿಲ್ಲ. ಡಾಕ್ಟರು ಬರೆದಿದ್ದ ಸಕ್ಕರೆ ಕಾಯಿಲೆಯ ಗುಳಿಗೆಯಿಂದ ಅವನ ಹೊಟ್ಟೆ ಕೆಡುತ್ತಿತ್ತು. ಅದನ್ನು ಸದ್ದಿಲ್ಲದೆ ಬಿಟ್ಟು, ಮೀನೆಣ್ಣೆಯದನ್ನು ದಿನಕ್ಕೆ ಎರಡರಿಂದ ನಾಲ್ಕಕ್ಕೆ ಏರಿಸಿದ.

"ಸಕ್ಕರೆ ಗುಳಿಗೆ ಯಾಕ ಹಂಗೇ ಉಳಿದಾವು?" ಹೆಂಡತಿ ಓಬವ್ವ ಕೇಳಿದಳು.

"ಇದ್ರಾಗೇ ಎಲ್ಲಾ ಐತೆ ಬಿಡು. ಮಗಳೇ ತಂದಾಳೆ, ಕೆಟ್ಟದ್ದಾಗ್ತೈತಾ?"

ಚಳಿಗಾಲದಲ್ಲಿ ಹೊಸ ಚಪ್ಪಲಿ ಬಲಗಾಲಿನ ಹೆಬ್ಬೆರಳನ್ನು ಕಚ್ಚಿತು. ನೋವು ಅಷ್ಟಾಗಿ ತಿಳಿಯಲಿಲ್ಲ. ಬಟ್ಟೆಚೂರು ಸುತ್ತಿಕೊಂಡು ಮಿಷನ್ ತುಳಿಯುತ್ತಲೇ ಇದ್ದ. ಎರಡು ವಾರದ ಮೇಲೆ ವಾಸನೆ ಬಂದು ಓಬವ್ವ ಬಟ್ಟೆ ಬಿಚ್ಚಿದಳು. ಬೆರಳು ಕಪ್ಪಾಗಿತ್ತು, ಕಪ್ಪು ಪಾದಕ್ಕೂ ಹತ್ತಿತ್ತು. ತನುಶ್ರೀ ಅವನನ್ನು ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದಳು.

"ಮೀನೆಣ್ಣೆ ಕೊಬ್ಬು ಇಳಿಸಬಹುದು ಯಜಮಾನ್ರೇ, ಸಕ್ಕರೆಗೆ ಅದು ಔಷಧಿ ಅಲ್ಲ," ಎಂದರು ಡಾಕ್ಟರು. "ಸಕ್ಕರೆ ಗುಳಿಗೆ ಬಿಡ್ರಿ ಅಂತ ಯಾರು ಹೇಳಿದ್ರು?"

ಕಲ್ಲಪ್ಪ ಮಗಳ ಕಡೆ ನೋಡಿದ. ಮರುಕ್ಷಣವೇ, "ಯಾರೂ ಹೇಳಿಲ್ರಿ, ನಾನೇ ಬಿಟ್ಟೆ," ಎಂದ. ಆದರೆ ತನುಶ್ರೀ ಆಗಲೇ ಎದ್ದು ಹೊರಗೆ ಹೋಗಿದ್ದಳು.

ಮೊಣಕಾಲಿನ ಕೆಳಗೆ ಕಾಲು ತೆಗೆದರು.

ತನುಶ್ರೀ ಔಷಧಿ ಅಂಗಡಿಗೆ ಮತ್ತೆ ಹೋಗಲಿಲ್ಲ. "ಕೆಲಸ ಬಿಡಬ್ಯಾಡವ್ವಾ, ತಪ್ಪು ನಂದು," ಎಂದು ಅಪ್ಪ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಅವನು ಗೋಡೆಗೆ ಒರಗಿ ಬಟ್ಟೆ ಕತ್ತರಿಸಿಕೊಡುತ್ತಾನೆ, ಅವಳು ಹೊಲಿಯುತ್ತಾಳೆ. ಊಟವಾದೊಡನೆ ಗುಳಿಗೆಗಳನ್ನು ಅವನ ಅಂಗೈಗೆ ಹಾಕಿ ಎದುರಿಗೇ ನಿಲ್ಲುತ್ತಾಳೆ. ನುಂಗಿದ ಮೇಲೆ, ಅವಳು ಕೇಳದಿದ್ದರೂ, ಕಲ್ಲಪ್ಪ ಬಾಯಿ ತೆರೆದು ತೋರಿಸುತ್ತಾನೆ.