ಅಕ್ಕುವಿನ ಹೂಂ

ಬಿಕರ್ನಕಟ್ಟೆಯ ಇಳಿಜಾರಿನ ಸಾಲುಮನೆಗಳಲ್ಲಿ ಕೊನೆಯದು ಅಕ್ಕುವಿನದು. ವಯಸ್ಸು ಎಪ್ಪತ್ತೋ ಎಪ್ಪತ್ತೆರಡೋ, ಅದು ಆಧಾರ್ ಕಾರ್ಡಿಗೇ ಗೊತ್ತು. ಎರಡನೇ ಕ್ಲಾಸು ಮುಗಿಯುವ ಮೊದಲೇ ಶಾಲೆ ಬಿಟ್ಟವಳು. ಅಕ್ಷರಗಳು ಒಂದೊಂದಾಗಿ ಬಂದರೆ ಗುರುತು ಹಿಡಿಯುತ್ತಾಳೆ. ನಾಲ್ಕು ಒಟ್ಟಿಗೆ ನಿಂತರೆ ಮದುವೆ ಮಂಟಪದಲ್ಲಿ ದೂರದ ನೆಂಟರನ್ನು ಕಂಡ ಹಾಗೆ, ಮುಖ ಗೊತ್ತು, ಹೆಸರು ನೆನಪಿಗೆ ಬರುವುದಿಲ್ಲ. ಆದರೆ ಒಂದು ವಿದ್ಯೆ ಮಾತ್ರ ಅವಳಿಗೆ ಕರಗತ. ಅದು ಹೂಂಗುಟ್ಟುವ ವಿದ್ಯೆ.

ಅದನ್ನು ಕಲಿತದ್ದು ನೆರೆಮನೆಯ ಐರಿನ್ ಬಾಯಿಯ ಜಗಲಿಯಲ್ಲಿ, ತನಗಿನ್ನೂ ಮದುವೆಯಾಗದ ದಿನಗಳಲ್ಲಿ. ಮಧ್ಯಾಹ್ನದ ಗಂಜಿ ಆದ ಮೇಲೆ ಸುತ್ತಲಿನ ಹೆಂಗಸರೆಲ್ಲ ಮೊರ ಹಿಡಿದುಕೊಂಡು ಬೀಡಿ ಕಟ್ಟಲು ಅಲ್ಲಿ ಸೇರುತ್ತಿದ್ದರು. ಎಲೆ ಕತ್ತರಿಸುವುದು, ಹೊಗೆಸೊಪ್ಪು ಉದುರಿಸುವುದು, ಸುತ್ತುವುದು, ನೂಲು ಬಿಗಿಯುವುದು. ಆ ಕೈಗಳಿಗೆ ಕಣ್ಣಿನ ಸಹಾಯ ಬೇಕಿರಲಿಲ್ಲ. ಏಳನೇ ಕ್ಲಾಸು ಓದಿದ ಐರಿನ್ ಬಾಯಿಯನ್ನು ಮಾತ್ರ ಯಾರೂ ಬೀಡಿ ಕಟ್ಟಲು ಬಿಡುತ್ತಿರಲಿಲ್ಲ. ಅವಳು ವಾರಪತ್ರಿಕೆಯ ಧಾರಾವಾಹಿ ಓದಬೇಕು. ಉಳಿದವರು ತಮ್ಮ ಮೊರದಿಂದ ಒಂದೊಂದು ಹಿಡಿ ಬೀಡಿ ತೆಗೆದು ಅವಳ ಮೊರಕ್ಕೆ ಹಾಕಬೇಕು. ಕಥೆ ಕೇಳಿದ್ದಕ್ಕೆ ಅದೇ ಮರ್ಯಾದೆ.

ಐರಿನ್ ಬಾಯಿ ಓದುತ್ತಾ ಓದುತ್ತಾ ತಟ್ಟನೆ ನಿಲ್ಲಿಸಿ, "ಎಂತ, ಎಲ್ಲ ಸತ್ತಿದ್ದೀರಾ? ಹೂಂ ಹೇಳ್ಳಿಕ್ಕೆ ಒಂದು ಜನ ಇಲ್ಲ!" ಎಂದು ಬೈಯುತ್ತಿದ್ದಳು. ಹಾಗೆ ಆ ಕೆಲಸ ಅಕ್ಕುವಿನ ಪಾಲಿಗೆ ಬಂತು. ಅವಳಲ್ಲಿ ತರಹೇವಾರಿ ಹೂಂಗಳಿದ್ದವು. ಕಥೆಯಲ್ಲಿ ಅತ್ತೆ ಬಾಗಿಲು ತಟ್ಟಿದಾಗ ಒಂದು, ಕಾಗದ ಕಳೆದುಹೋದಾಗ ಒಂದು, ನಾಯಕಿ ಕಡಲತಡಿಯಲ್ಲಿ ಒಬ್ಬಳೇ ನಡೆಯುವಾಗ ಉಸಿರಿನಷ್ಟೇ ಮೆತ್ತಗಿನ ಇನ್ನೊಂದು. ತೂಕಡಿಕೆಯಲ್ಲೂ ಕೈ ಬೀಡಿ ಸುತ್ತುತ್ತಿತ್ತು, ಬಾಯಿ ಹೂಂಗುಟ್ಟುತ್ತಿತ್ತು, ಮುಚ್ಚಿದ ಕಣ್ಣೊಳಗೆ ನಾಯಕಿಯ ಸೀರೆಯ ಸೆರಗು ಗಾಳಿಗೆ ಹಾರುತ್ತಿತ್ತು. "ಅಕ್ಕು ಬರದಿದ್ರೆ ನಾನು ಪುಸ್ತಕ ಬಿಚ್ಚುದೇ ಇಲ್ಲ," ಎನ್ನುತ್ತಿದ್ದಳು ಐರಿನ್ ಬಾಯಿ.

ಈಗ ಆ ಜಗಲಿಯೂ ಇಲ್ಲ, ಐರಿನ್ ಬಾಯಿಯೂ ಇಲ್ಲ. ಅಲ್ಲೊಂದು ಫ್ಲ್ಯಾಟು ಎದ್ದಿದೆ.

ಅಕ್ಕುವಿನ ಮೊಮ್ಮಗಳು ಅಕ್ಷಿತಾ ಐದನೇ ಕ್ಲಾಸು. ಕಳೆದ ವಾರ ಕನ್ನಡ ಪೀರಿಯಡ್‌ನಲ್ಲಿ ಎದ್ದು ನಿಂತು ಓದುವಾಗ ಹುಡುಗಿ ತಡವರಿಸಿದಳು. ಹಿಂದಿನ ಬೆಂಚಿನಿಂದ ಯಾರೋ, "ಗೇರ್ ಬೀಳುದಿಲ್ಲ ಮಾರಾಯ್ರೆ, ಬಸ್ಸು ತಳ್ಳಿ!" ಎಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಂದಿನಿಂದ ಪುಸ್ತಕ ಕಂಡರೆ ಅವಳು ಮುಖ ತಿರುಗಿಸುತ್ತಾಳೆ. ಟೀಚರು ಮನೆಯಲ್ಲಿ ಓದಲಿಕ್ಕೆಂದು ಕೊಟ್ಟ ಕಥೆಪುಸ್ತಕ ಬ್ಯಾಗಿನಿಂದ ಹೊರಗೆ ಬಂದಿರಲಿಲ್ಲ.

ಆ ಶುಕ್ರವಾರ ಮಳೆಯ ರೆಡ್ ಅಲರ್ಟ್. ಡಿಸಿ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಹಂಪನಕಟ್ಟೆಯ ಮೊಬೈಲ್ ಅಂಗಡಿಗೆ ಹೊರಟ ಮಗ ಮುಖೇಶ ರೈನ್‌ಕೋಟು ಹಾಕುತ್ತಲೇ ಮಗಳನ್ನು ಗದರಿದ: "ಸೋಮವಾರ ಆ ಕಥೆ ಕ್ಲಾಸಲ್ಲಿ ಹೇಳ್ಬೇಕಂತೆ. ಸಂಜೆ ಬಂದು ಕೇಳ್ತೇನೆ. ಓದದಿದ್ರೆ ಉಂಟು ನಿನಗೆ!"

ಬೈಕಿನ ಸದ್ದು ಮಳೆಯಲ್ಲಿ ಕರಗಿತು. ಹುಡುಗಿಯ ಕಣ್ಣು ತುಂಬಿತ್ತು. ಹೀಗೆ ಹೆದರಿಸಿದರೆ ಮಗುವಿಗೆ ಜನ್ಮವಿಡೀ ಪುಸ್ತಕದ ಮೇಲೆ ಸಿಟ್ಟೇ ಉಳಿಯುತ್ತದಲ್ಲ ಎಂದು ಅಕ್ಕುವಿಗೆ ಸಂಕಟವಾಯಿತು. ತಾನು ದಾಟಲಾಗದ ಬಾಗಿಲು ಇವಳಿಗೂ ಮುಚ್ಚಬಾರದು.

ಊಟವಾದ ಮೇಲೆ ಚಾಪೆ ಹಾಸಿ ಹತ್ತಿರ ಕರೆದಳು. "ಓದುದು ಬೇಡ ಮಗಾ. ಅದರಲ್ಲಿ ಎಂತ ಉಂಟು ಅಂತ ಮಾತ್ರ ಹೇಳು."

ಅಕ್ಷಿತಾ ಒಲ್ಲದ ಮನಸ್ಸಿನಿಂದ ಬ್ಯಾಗಿನಿಂದ ಪುಸ್ತಕ ತೆಗೆದು ಚಿತ್ರ ನೋಡಿದಳು. "ಒಂದು ಕೋಳಿ ಉಂಟು."

"ಹೂಂ."

"ಮೀನಿನ ದೋಣಿಯಲ್ಲಿ ಮೊಟ್ಟೆ ಇಟ್ಟಿದೆ."

"ಹೂಂ?"

ಈ ಎರಡನೆಯ ಹೂಂ ಬಾಗಿಲ ಸಂದಿನಲ್ಲಿ ಇಣುಕಿದ ಹಾಗಿತ್ತು. ಅಕ್ಷಿತಾ ಪುಟ ಮಗುಚಿದಳು. "ದೋ...ಣಿ ಕಡ...ಲಿಗೆ..." ಎಂದು ನಿಂತು, ನಗು ಬರುವುದೇನೋ ಎಂದು ಅಜ್ಜಿಯ ಮುಖ ನೋಡಿದಳು. ಬಂದದ್ದು ಕಡಲತಡಿಯ ಆ ಹಳೆಯ, ಮೆತ್ತಗಿನ ಹೂಂ. ಕಥೆಯೇ ಅಲ್ಲಿ ಉಸಿರು ಹಿಡಿದು ನಿಂತಿದೆಯೇನೋ ಎಂಬಂತೆ ಅಕ್ಕು ಕಾಯುತ್ತಿದ್ದಳು. ಮೊಟ್ಟೆಗಳನ್ನು ಬಿಟ್ಟು ಇಳಿಯಲಾರದೆ ಕೋಳಿ ಬಲೆಯ ರಾಶಿಯ ಮೇಲೆ ಕೂತೇ ಇತ್ತು. ದೋಣಿ ದಡ ಬಿಟ್ಟಿತು. ಓದು ನಿಧಾನಕ್ಕೆ ನೀರಿಗಿಳಿಯಿತು.

ತಗಡಿನ ಮಾಡಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಅದರ ನಡುವೆ ಮಗುವಿನ ಸ್ವರ. ಅಕ್ಕುವಿನ ಬೆರಳುಗಳು ಇಲ್ಲದ ಎಲೆಯನ್ನು ಸುತ್ತತೊಡಗಿದವು. ದೋಣಿ ಹೋಗುತ್ತಾ ಹೋಗುತ್ತಾ ಸಿಟಿ ಬಸ್ಸಾಯಿತು. ಕಿಟಕಿಯ ಪಕ್ಕ ಐರಿನ್ ಬಾಯಿ, ಮಡಿಲಲ್ಲಿ ಮೊರ, ಮೊರದಲ್ಲಿ ಕೋಳಿ. "ರೈಟ್ ಪೋಯಿ!" ಎಂದ ಕಂಡಕ್ಟರು. ಬಸ್ಸು ನೀರಿನ ಮೇಲೆ ಹೊರಟಿತು. ಹೂಂ, ಎಂದಳು ಅಕ್ಕು. ಹೂಂ.

"ಅಜ್ಜೀ!"

ಕಣ್ಣು ಬಿಟ್ಟರೆ ಅಕ್ಷಿತಾಳ ಕೆನ್ನೆ ಊದಿತ್ತು. "ನಾನು ಓದುದು ನಿಲ್ಲಿಸಿ ಎಷ್ಟು ಹೊತ್ತಾಯ್ತು! ನೀನು ಗೊರಕೆ ಹೊಡ್ದು ಹೊಡ್ದು ಹೂಂ ಹೇಳ್ತಿದ್ದಿ. ನಾನು ಓದಿದ್ದು ಯಾರಿಗೂ ಬೇಡ." ಪುಸ್ತಕವನ್ನು ಮಂಚದ ಕೆಳಗೆ ದೂಡಿದಳು.

ಅಕ್ಕು ದಡಬಡಿಸಿ ನೆಟ್ಟಗೆ ಕೂತಳು. ಕೈಗೆ ಬಂದದ್ದನ್ನು ತಾನೇ ಕೆಡಿಸಿದೆನಲ್ಲ!

"ಕೇಳಿದೆ ಮಗಾ."

"ಸುಳ್ಳು! ಹಾಗಾದ್ರೆ ಹೇಳು, ಕೋಳಿ ಎಂತ ಮಾಡಿತು?"

ಅಕ್ಕುವಿಗೆ ಗೊತ್ತಿದ್ದದ್ದು ಒಂದೇ. ಅದನ್ನೇ ಹೇಳಿದಳು. "ಬಸ್ಸು ಹತ್ತಿತು."

"ಬಸ್ಸಾ?"

"ಮತ್ತೆ? ಕಿಟಕಿ ಹತ್ರ ಸೀಟು ಸಿಕ್ಕಿತು ಪುಣ್ಯಕ್ಕೆ. ಐರಿನ್ ಬಾಯಿ ಒಟ್ಟಿಗೆ ಇದ್ರು."

"ಅಜ್ಜಿ, ಇದರಲ್ಲಿ ಬಸ್ಸೇ ಇಲ್ಲ! ಕೋಳಿ ಕಡಲ ನಡುವೆ ಉಂಟು!"

"ನಾನು ಕಣ್ಣಾರೆ ನೋಡಿದ್ದೇನೆ ಮಾರಾಯ್ತಿ. ನೀನು ಪೂರ್ತಿ ಓದಿಲ್ಲ. ಮುಂದೆ ಬರ್ತದೆ ನೋಡು."

"ಬರುದಿಲ್ಲ!"

"ಬರ್ತದೆ."

ಅಕ್ಷಿತಾ ಮಂಚದ ಕೆಳಗೆ ತೂರಿ ಪುಸ್ತಕ ಎಳೆದು ತಂದಳು. ಅಜ್ಜಿಯ ಸುಳ್ಳು ಹಿಡಿಯಬೇಕಿತ್ತು. ಮೊದಲು ಗಟ್ಟಿಯಾಗಿಯೇ ಓದಿದಳು. ಮೊಟ್ಟೆಯೊಂದು ಬಿರುಕು ಬಿಡುವ ಹೊತ್ತಿಗೆ ಸ್ವರ ತಗ್ಗಿತು. ಆಮೇಲೆ ತುಟಿ ಮಾತ್ರ ಅಲುಗಿತು. ಕೊನೆಗೆ ಅದೂ ನಿಂತು, ಕಣ್ಣುಗಳು ಮಾತ್ರ ಸಾಲಿನಿಂದ ಸಾಲಿಗೆ ಓಡತೊಡಗಿದವು. ಪುಟ ಮಗುಚಿತು.

"ಹೂಂ," ಎಂದಳು ಅಕ್ಕು.

"ಶ್! ಸ್ವಲ್ಪ ಸುಮ್ನೆ ಇರು ಅಜ್ಜಿ."

ಹೂಂ ಬೇಡವೆಂದು ಅಕ್ಕುವಿಗೆ ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡು ಗೋಡೆಗೆ ಒರಗಿದಳು. ಮಳೆ, ಪುಟದ ಸದ್ದು, ಮಳೆ. ಬಸ್ಸಿನಲ್ಲಿ ಐರಿನ್ ಬಾಯಿ ಕೋಳಿಯನ್ನು ತುಸು ಸರಿಸಿ ಜಾಗ ಮಾಡಿಕೊಟ್ಟಳು.

"ಕೊನೆವರೆಗೆ ಬಸ್ಸು ಬರ್ಲೇ ಇಲ್ಲ ಅಜ್ಜಿ," ಎಂದಿತು ದೂರದಿಂದ ಒಂದು ಸ್ವರ. "ಸೋಮವಾರ ಹೇಳುವಾಗ ನಾನು ಸೇರಿಸ್ಲಾ?"

"ಹೂಂ," ಎಂದಳು ಅಕ್ಕು. ಎಚ್ಚರದಲ್ಲೋ ನಿದ್ದೆಯಲ್ಲೋ, ಅವಳಿಗೇ ಗೊತ್ತಿಲ್ಲ.